ಎಷ್ಟು ಆಳು ಬೇಕು? ಪಿಎಚ್‌ಪಿ-ಎಫ್‌ಪಿಎಂ ಪೂಲ್ ಹೊಂದಿಸುವ ಬಗೆ

ದಸರಾ ರಜೆಯ ಶನಿವಾರ. ಬೆಳಿಗ್ಗೆ ಏಳೂವರೆಗೆ ಮೂಡಿಗೆರೆ ಕಡೆಯ ಹೋಂಸ್ಟೇ ಮಾಲೀಕರ ಫೋನ್. "ಸೈಟು ಸುಮ್ನೆ ಸುತ್ತುತ್ತಾ ಇರುತ್ತೆ ಕಣ್ರೀ, ಆಮೇಲೆ 504 ಅಂತ ಬರುತ್ತೆ. ರೂಮ್ ಕೇಳೋರೆಲ್ಲ ಬೇರೆ ಕಡೆ ಹೋಗ್ತಿದ್ದಾರೆ." ನಾನು ಚಿಕ್ಕಮಗಳೂರಿನಲ್ಲಿ ಕೂತು ಇಂಥ ಏಳೆಂಟು ಸಣ್ಣ ಸೈಟ್ ನೋಡಿಕೊಳ್ಳುತ್ತೇನೆ. ಹೋಂಸ್ಟೇಗಳು, ಕಾಫಿ ಗಿಡದ ಒಂದು ನರ್ಸರಿ, ಹಾಸನದ ಸ್ನೇಹಿತನ ಟ್ಯಾಕ್ಸಿ ಬುಕಿಂಗ್. ಲಾಗಿನ್ ಆಗಿ ಲಾಗ್ ತೆಗೆದರೆ ಒಂದೇ ಸಾಲು ಮತ್ತೆ ಮತ್ತೆ: "ಸರ್ವರ್ ರೀಚ್ಡ್ ಪಿಎಂ.ಮ್ಯಾಕ್ಸ್_ಚಿಲ್ಡ್ರನ್ ಸೆಟ್ಟಿಂಗ್ (5), ಕನ್ಸಿಡರ್ ರೇಸಿಂಗ್ ಇಟ್."

5 ಸಾಲುತ್ತಿಲ್ಲ, ಜಾಸ್ತಿ ಮಾಡು ಅಂತ ಲಾಗೇ ಹೇಳುತ್ತಿದೆ, ಅಲ್ವಾ? 50 ಮಾಡಿದೆ. ಕಾಲು ಗಂಟೆ ಸೈಟ್ ಚೆನ್ನಾಗಿ ಓಡಿತು. ಆಮೇಲೆ ಡೇಟಾಬೇಸ್, ಅಂದರೆ ಮರಿಯಾಡಿಬಿ, ಸತ್ತೇ ಹೋಯಿತು. ಮೊದಲು ನಿಧಾನ ಇದ್ದ ಸೈಟ್ ಈಗ ಪೂರ್ತಿ ಇಲ್ಲ. ಅದು 2 ಜಿಬಿ ರ‍್ಯಾಮ್‌ನ ಬಾಡಿಗೆ ಸರ್ವರ್. ಒಂದೊಂದು ಪಿಎಚ್‌ಪಿ ಪ್ರೋಸೆಸ್ಸು 80 ಎಂಬಿ ಹಿಡಿದರೆ 50ಕ್ಕೆ 4,000 ಎಂಬಿ. ಈ ಲೆಕ್ಕ ಹಾಕೋಕೆ ಕ್ಯಾಲ್ಕುಲೇಟರ್ ಕೂಡ ಬೇಡ. ನಾನು ಹಾಕಿರಲಿಲ್ಲ, ಅಷ್ಟೆ.

ಆ ಶನಿವಾರದ ನಂತರ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉಬುಂಟು 24.04, ಅದರ ಜೊತೆ ಬರುವ ಪಿಎಚ್‌ಪಿ 8.3, ಮುಂದೆ ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮದು ಬೇರೆ ವರ್ಷನ್ ಆದರೆ 8.3 ಇರುವ ಕಡೆ ಆ ನಂಬರ್ ಹಾಕಿಕೊಳ್ಳಿ. ಕಮಾಂಡ್, ಸೆಟ್ಟಿಂಗ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಮೊದಲು ಇದು ಏನು ಅಂತ

ಎಂಜಿನ್‌ಎಕ್ಸ್‌ಗೆ ಪಿಎಚ್‌ಪಿ ಓಡಿಸಲು ಬರುವುದಿಲ್ಲ. ಚಿತ್ರ, ಸಿಎಸ್‌ಎಸ್ ಫೈಲ್ ಕೇಳಿದರೆ ತಾನೇ ಕೊಡುತ್ತದೆ. ಪಿಎಚ್‌ಪಿ ಪುಟ ಕೇಳಿದರೆ ಎಫ್‌ಪಿಎಂ ಕಡೆ ತಳ್ಳುತ್ತದೆ. ಎಫ್‌ಪಿಎಂ ಅಂದರೆ ಫಾಸ್ಟ್‌ಸಿಜಿಐ ಪ್ರೋಸೆಸ್ ಮ್ಯಾನೇಜರ್. ಮೊದಲು ಹೊರಗಿನ ಪ್ಯಾಚ್ ಆಗಿತ್ತು, 2010ರಲ್ಲಿ ಪಿಎಚ್‌ಪಿ 5.3.3 ಜೊತೆ ಒಳಗೇ ಸೇರಿತು.

ನಮ್ಮ ಕಡೆಯವರಿಗೆ ಹೇಳೋದಾದರೆ ಅದು ತೋಟದ ಮೇಸ್ತ್ರಿ. ಮೇಸ್ತ್ರಿ ತಾನು ಹಣ್ಣು ಕುಯ್ಯುವುದಿಲ್ಲ. ಎಷ್ಟು ಆಳು ಇದ್ದಾರೆ, ಯಾರು ಖಾಲಿ, ಇನ್ನೆಷ್ಟು ಜನ ಬೇಕು ಅಂತ ನೋಡುತ್ತಾನೆ. ಇಲ್ಲೂ ಒಂದು ಮಾಸ್ಟರ್ ಪ್ರೋಸೆಸ್, ಅದರ ಕೆಳಗೆ ಚೈಲ್ಡ್ ಪ್ರೋಸೆಸ್‌ಗಳು. ಒಂದು ಚೈಲ್ಡ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ಹಿಡಿಯುತ್ತದೆ. ಅದು ಮುಗಿಯುವವರೆಗೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಮ್ಯಾಕ್ಸ್ ಚಿಲ್ಡ್ರನ್ ಅಂದರೆ ಒಟ್ಟು ಆಳು ಎಷ್ಟರ ಮೇಲೆ ಹೋಗಬಾರದು ಅನ್ನುವ ಮಿತಿ. ಎಲ್ಲರೂ ಕೆಲಸದಲ್ಲಿದ್ದಾಗ ಬಂದ ರಿಕ್ವೆಸ್ಟ್ ಸಾಲಿನಲ್ಲಿ ನಿಲ್ಲುತ್ತದೆ. ಎಂಜಿನ್‌ಎಕ್ಸ್ ಮಾಮೂಲಿಯಾಗಿ 60 ಸೆಕೆಂಡ್ ಕಾಯುತ್ತದೆ, ಆಮೇಲೆ ಕೈಬಿಟ್ಟು 504 ತೋರಿಸುತ್ತದೆ. 502 ಬೇರೆ ಕಥೆ. ಎಫ್‌ಪಿಎಂ ಓಡುತ್ತಲೇ ಇಲ್ಲ, ಎಂಜಿನ್‌ಎಕ್ಸ್ ಅದರ ಜೊತೆ ಮಾತಾಡುವ ಸಾಕೆಟ್‌ಗೆ ಪರ್ಮಿಷನ್ ಇಲ್ಲ, ಸಾಲೇ ತುಂಬಿದೆ, ಇಲ್ಲಾ ಕೆಲಸದ ಮಧ್ಯೆ ಚೈಲ್ಡ್ ಸತ್ತಿದೆ ಅಂದಾಗ ಅದು ಬರುತ್ತದೆ. ಫೋನ್ ಮಾಡಿದವರನ್ನು ಮೊದಲು ಕೇಳಬೇಕಾದ್ದೇ ಇದು: 502ಆ, 504ಆ?

ಫೈಲ್ ಎಲ್ಲಿದೆ

ಈ ಆಳುಗಳ ಗುಂಪಿಗೆ ಪೂಲ್ ಅನ್ನುತ್ತಾರೆ. ಪೂಲ್ ಫೈಲ್ ಇರುವುದು ಇಲ್ಲಿ: /ಇಟಿಸಿ/ಪಿಎಚ್‌ಪಿ/8.3/ಎಫ್‌ಪಿಎಂ/ಪೂಲ್.ಡಿ/ಡಬ್ಲ್ಯುಡಬ್ಲ್ಯುಡಬ್ಲ್ಯು.ಕಾನ್ಫ್. ಮುಟ್ಟುವ ಮೊದಲು ಒಂದು ಕಾಪಿ ತೆಗೆದಿಡಿ. ಆದರೆ ಆ ಕಾಪಿಯನ್ನು ಅದೇ ಫೋಲ್ಡರ್‌ನಲ್ಲಿ .ಕಾನ್ಫ್ ಹೆಸರಿನಲ್ಲೇ ಇಡಬೇಡಿ. ಆ ಫೋಲ್ಡರ್‌ನ ಎಲ್ಲ .ಕಾನ್ಫ್ ಫೈಲ್‌ಗಳನ್ನೂ ಎಫ್‌ಪಿಎಂ ಓದುತ್ತದೆ, ನಿಮ್ಮ ಹಳೆ ಕಾಪಿಯನ್ನೂ. ಕಾಪಿಯನ್ನು ಹೋಮ್ ಫೋಲ್ಡರ್‌ಗೆ ಹಾಕಿಕೊಳ್ಳಿ.

ಫೈಲ್ ಉದ್ದ ಇದೆ, ಆದರೆ ಮುಕ್ಕಾಲು ಪಾಲು ಅರ್ಧವಿರಾಮ ಚಿಹ್ನೆಯಿಂದ ಶುರುವಾಗುವ ಕಾಮೆಂಟ್. ಅವನ್ನು ಬಿಟ್ಟು ಉಳಿದ ಸಾಲುಗಳಲ್ಲಿ ಈಗ ನಮಗೆ ಬೇಕಾದ್ದು ಇಷ್ಟು:

ಪಿಎಂ = ಡೈನಾಮಿಕ್
ಪಿಎಂ.ಮ್ಯಾಕ್ಸ್_ಚಿಲ್ಡ್ರನ್ = 5
ಪಿಎಂ.ಸ್ಟಾರ್ಟ್_ಸರ್ವರ್ಸ್ = 2
ಪಿಎಂ.ಮಿನ್_ಸ್ಪೇರ್_ಸರ್ವರ್ಸ್ = 1
ಪಿಎಂ.ಮ್ಯಾಕ್ಸ್_ಸ್ಪೇರ್_ಸರ್ವರ್ಸ್ = 3

ಇದು ಎಷ್ಟು ಸಣ್ಣ ಮೆಷಿನ್‌ನಲ್ಲೂ ಓಡಲಿ ಅಂತ ಇಟ್ಟ ಲೆಕ್ಕ. ನಿಮ್ಮ ಸೈಟ್ ನೋಡಿ ಇಟ್ಟಿದ್ದಲ್ಲ.

ಅಳೆಯುವುದು

ಏನನ್ನೂ ಬದಲಿಸುವ ಮೊದಲು ಎರಡು ಅಳತೆ ಬೇಕು. ಬೇರೆಯವರ ಸರ್ವರ್‌ನ ನಂಬರ್ ತಂದು ಅಂಟಿಸುವುದು ಪಕ್ಕದ ತೋಟದವರ ಆಳಿನ ಲೆಕ್ಕ ನೋಡಿ ನಮ್ಮ ತೋಟಕ್ಕೆ ಜನ ಕರೆಸಿದ ಹಾಗೆ.

ಮೊದಲನೆಯದು, ಒಂದು ಚೈಲ್ಡ್ ಎಷ್ಟು ಮೆಮೊರಿ ಹಿಡಿಯುತ್ತದೆ ಅನ್ನುವುದು. ಕಮಾಂಡ್ ಹೀಗೆ: ಪಿಎಸ್ -ಓ ಪಿಐಡಿ,ಆರ್‌ಎಸ್‌ಎಸ್ -ಸಿ ಪಿಎಚ್‌ಪಿ-ಎಫ್‌ಪಿಎಂ8.3. ಇಲ್ಲಿ ಓ ಸಣ್ಣದು, ಸಿ ದೊಡ್ಡಕ್ಷರ. ಆರ್‌ಎಸ್‌ಎಸ್ ಕೆಳಗೆ ಬರುವ ಸಂಖ್ಯೆ ಆ ಪ್ರೋಸೆಸ್ ಹಿಡಿದ ಮೆಮೊರಿ, ಕೆಬಿಯಲ್ಲಿ ಇರುತ್ತದೆ, 1024ರಿಂದ ಭಾಗಿಸಿದರೆ ಎಂಬಿ. ಇದನ್ನು ರೀಸ್ಟಾರ್ಟ್ ಮಾಡಿದ ತಕ್ಷಣ ನೋಡಬೇಡಿ. ಆಗ ಹುಟ್ಟಿದ ಚೈಲ್ಡ್ ಇನ್ನೂ ಒಂದು ಪುಟವನ್ನೂ ತೆಗೆದಿರುವುದಿಲ್ಲ, ತೀರಾ ಹಗುರ ಕಾಣುತ್ತದೆ. ಜನ ಓಡಾಡುವ ಹೊತ್ತಿನಲ್ಲಿ, ಒಂದೆರಡು ಗಂಟೆ ಓಡಿದ ಮೇಲೆ, ಮೂರ್ನಾಲ್ಕು ಸಲ ನೋಡಿ. ನನಗೆ ಸಿಕ್ಕಿದ್ದು 62, 71, 68, 84. ಸರಾಸರಿ ಬೇಡ, ದೊಡ್ಡದನ್ನೇ ತೆಗೆದುಕೊಳ್ಳಿ. ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಆ ಭಾರದ ಪುಟವನ್ನೇ ತೆಗೆಯುತ್ತಾರೆ.

ಒಂದು ಮಾತು ಸೇರಿಸಬೇಕು. ಪಿಎಚ್‌ಪಿ ಕೋಡನ್ನು ಸಿದ್ಧಮಾಡಿ ಇಟ್ಟುಕೊಳ್ಳುವ ಆಪ್‌ಕ್ಯಾಶ್ ಮೆಮೊರಿಯನ್ನು ಎಲ್ಲ ಚೈಲ್ಡ್‌ಗಳೂ ಹಂಚಿಕೊಳ್ಳುತ್ತವೆ. ಆದರೆ ಆರ್‌ಎಸ್‌ಎಸ್ ಲೆಕ್ಕ ಅದನ್ನು ಪ್ರತಿಯೊಂದರ ತಲೆಗೂ ಹಾಕುತ್ತದೆ. ಹಾಗಾಗಿ ನಿಜವಾದ ಭಾರ ಇದಕ್ಕಿಂತ ಸ್ವಲ್ಪ ಕಮ್ಮಿಯೇ ಇರುತ್ತದೆ. ನಿಖರವಾಗಿ ಬೇಕು ಅನ್ನುವವರು ಎಸ್‌ಮೆಮ್ ಹಾಕಿಕೊಂಡು, ಹಂಚಿಕೊಂಡದ್ದನ್ನು ಭಾಗ ಮಾಡಿ ತೋರಿಸುವ ಪಿಎಸ್‌ಎಸ್ ಕಾಲಂ ನೋಡಬಹುದು. ನಾನು ಸಣ್ಣ ಸರ್ವರ್‌ಗಳಲ್ಲಿ ಆ ಗೋಜಿಗೆ ಹೋಗುವುದಿಲ್ಲ. ತಪ್ಪು ಆದರೂ ಉಳಿಯುವ ಕಡೆಗೇ ಆಗಲಿ.

ಎರಡನೆಯದು, ಪಿಎಚ್‌ಪಿಗೆ ಅಂತ ಉಳಿಯುವ ಮೆಮೊರಿ. ಫ್ರೀ -ಎಂ ಹೊಡೆದು ಒಟ್ಟು ನೋಡಿ. ನನ್ನದು 1,960 ಎಂಬಿ ತೋರಿಸಿತು. ಮರಿಯಾಡಿಬಿಗೆ 450. ಉಬುಂಟು, ಎಂಜಿನ್‌ಎಕ್ಸ್, ಉಳಿದ ಚಿಲ್ಲರೆ ಎಲ್ಲ ಸೇರಿ 260. ಇನ್ನು 300 ಎಂಬಿಯನ್ನು ಮುಟ್ಟದೆ ಬಿಟ್ಟೆ. ರಾತ್ರಿ ಬ್ಯಾಕಪ್ ಓಡುತ್ತದೆ, ಡಿಸ್ಕ್ ಕ್ಯಾಶ್‌ಗೂ ಜಾಗ ಬೇಕು. ಉಳಿದದ್ದು 950. ಅದನ್ನು 84ರಿಂದ ಭಾಗಿಸಿದರೆ 11 ಚಿಲ್ಲರೆ. ನಾನು 10 ಇಟ್ಟೆ.

ಡೇಟಾಬೇಸ್ ಯಾಕೆ ಸತ್ತಿತು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ಕರ್ನಲ್ ಯಾರನ್ನಾದರೂ ಒಬ್ಬರನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಹೆಚ್ಚಾಗಿ ಅದರ ಕಣ್ಣಿಗೆ ಬೀಳುವುದು ಒಬ್ಬೊಬ್ಬರಾಗಿ ನೋಡಿದಾಗ ದಪ್ಪಗಿರುವವರು. 80 ಎಂಬಿಯ ಐವತ್ತು ಮಕ್ಕಳ ನಡುವೆ 450 ಎಂಬಿಯ ಮರಿಯಾಡಿಬಿ ಎದ್ದು ಕಂಡಿತು. ತಪ್ಪು ಮಾಡಿದ್ದು ಪಿಎಚ್‌ಪಿ ಸೆಟ್ಟಿಂಗ್, ಏಟು ತಿಂದದ್ದು ಡೇಟಾಬೇಸ್. ನಿಮ್ಮಲ್ಲೂ ಡೇಟಾಬೇಸ್ ಕಾರಣವಿಲ್ಲದೆ ನಿಲ್ಲುತ್ತಿದ್ದರೆ ಕರ್ನಲ್ ಲಾಗ್ ತೋರಿಸುವ ಡಿಎಂಇಎಸ್‌ಜಿ ಕಮಾಂಡ್ ಹೊಡೆದು "ಔಟ್ ಆಫ್ ಮೆಮೊರಿ" ಅಂತ ಹುಡುಕಿ ನೋಡಿ.

ಮೂರು ಬಗೆ, ನಿಮಗೆ ಯಾವುದು

ಸ್ಟ್ಯಾಟಿಕ್ ಅಂದರೆ ಲೈನ್ ಮನೆಯಲ್ಲಿ ವರ್ಷವಿಡೀ ಇರುವ ಆಳುಗಳು. 10 ಅಂದರೆ ಯಾವಾಗಲೂ 10. ಯಾರೂ ಬರದ ಮಧ್ಯರಾತ್ರಿಯಲ್ಲೂ 10. ಇಡೀ ಸರ್ವರ್‌ನಲ್ಲಿ ಒಂದೇ ಸೈಟ್ ಇದ್ದು, ಅದಕ್ಕೆ ದಿನವಿಡೀ ಜನ ಬರುತ್ತಿದ್ದರೆ ಇದೇ ಸರಿ. ಒಂದು ಲಾಭ ಇದೆ: ಮೆಮೊರಿ ಸಾಲುತ್ತದೋ ಇಲ್ಲವೋ ಅನ್ನುವುದು ಮೊದಲ ದಿನವೇ ಗೊತ್ತಾಗುತ್ತದೆ, ದಸರಾ ರಜೆವರೆಗೆ ಕಾಯಬೇಕಿಲ್ಲ.

ಡೈನಾಮಿಕ್ ಅಂದರೆ ಕೆಲವರು ಕಾಯಂ, ಕುಯ್ಲು ಜೋರಾದಾಗ ಇನ್ನಷ್ಟು ಜನ. ಮೇಸ್ತ್ರಿ ಸೆಕೆಂಡಿಗೊಮ್ಮೆ ನೋಡುತ್ತಾನೆ. ಖಾಲಿ ಕೂತವರು ಮಿನ್ ಸ್ಪೇರ್‌ಗಿಂತ ಕಮ್ಮಿಯಾದರೆ ಹೊಸಬರನ್ನು ಕರೆಯುತ್ತಾನೆ, ಮ್ಯಾಕ್ಸ್ ಸ್ಪೇರ್‌ಗಿಂತ ಜಾಸ್ತಿಯಾದರೆ ಕಳಿಸುತ್ತಾನೆ. ಹೋಂಸ್ಟೇ ಸೈಟ್‌ಗೆ ನಾನು ಇದನ್ನೇ ಇಟ್ಟೆ: ಮ್ಯಾಕ್ಸ್ 10, ಸ್ಟಾರ್ಟ್ 3, ಮಿನ್ ಸ್ಪೇರ್ 2, ಮ್ಯಾಕ್ಸ್ ಸ್ಪೇರ್ 5. ಸ್ಟಾರ್ಟ್ ನಂಬರ್ ಆ ಎರಡು ಸ್ಪೇರ್‌ಗಳ ನಡುವೆ ಇರಲೇಬೇಕು, ಇಲ್ಲದಿದ್ದರೆ ಎಫ್‌ಪಿಎಂ ಏಳುವುದೇ ಇಲ್ಲ.

ಆನ್‌ಡಿಮ್ಯಾಂಡ್ ಅಂದರೆ ಫೋನ್ ಮಾಡಿದರೆ ಪಿಕಪ್‌ನಲ್ಲಿ ಬರುವ ಆಳುಗಳು. ರಿಕ್ವೆಸ್ಟ್ ಬಂದರೆ ಮಾತ್ರ ಚೈಲ್ಡ್ ಹುಟ್ಟುತ್ತದೆ. 10 ಸೆಕೆಂಡ್ ಕೆಲಸ ಇಲ್ಲದಿದ್ದರೆ ಹೋಗಿಬಿಡುತ್ತದೆ. ಆ 10 ಸೆಕೆಂಡ್ ಪಿಎಂ.ಪ್ರೋಸೆಸ್_ಐಡಲ್_ಟೈಮ್‌ಔಟ್ ಅನ್ನುವ ಸೆಟ್ಟಿಂಗ್, ಬದಲಿಸಬಹುದು. ಹಾಸನದ ಟ್ಯಾಕ್ಸಿ ಸೈಟ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ವರ್ಷವೆಲ್ಲ ದಿನಕ್ಕೆ ಐವತ್ತು ಜನ ಬಂದರೆ ಹೆಚ್ಚು. ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆಗೆಯುವ ಆ ಕೆಲವೇ ದಿನ ಮಾತ್ರ ಎಲ್ಲರೂ ಒಟ್ಟಿಗೆ ಗಾಡಿ ಕೇಳುತ್ತಾರೆ. ಉಳಿದ ದಿನ ಆ ಸೈಟ್ ಯಾಕೆ ಸುಮ್ನೆ ರ‍್ಯಾಮ್ ಹಿಡಿದು ಕೂರಬೇಕು? ನಾನು ಟೈಮ್‌ಔಟ್ 60 ಸೆಕೆಂಡ್ ಮಾಡಿದ್ದೇನೆ. ಒಬ್ಬರು ಒಂದು ಪುಟ ಓದಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆಳು ಮನೆಗೆ ಹೊರಟಿರಬಾರದು.

ಒಂದೇ ಸರ್ವರ್‌ನಲ್ಲಿ ಎರಡು ಸೈಟ್ ಇದ್ದರೆ ಎರಡು ಪೂಲ್ ಮಾಡಿ. ಡಬ್ಲ್ಯುಡಬ್ಲ್ಯುಡಬ್ಲ್ಯು.ಕಾನ್ಫ್ ಕಾಪಿ ಮಾಡಿ ಹೊಸ ಹೆಸರು ಕೊಡಿ. ಒಳಗೆ ಚೌಕ ಬ್ರಾಕೆಟ್‌ನಲ್ಲಿರುವ ಪೂಲ್ ಹೆಸರು, ಯೂಸರ್, ಗ್ರೂಪ್, ಲಿಸನ್ ಸಾಕೆಟ್ ನಾಲ್ಕನ್ನೂ ಬದಲಿಸಿ. ಎಂಜಿನ್‌ಎಕ್ಸ್ ಕಡೆ ಫಾಸ್ಟ್‌ಸಿಜಿಐ_ಪಾಸ್ ಹೊಸ ಸಾಕೆಟ್‌ಗೆ ತೋರಿಸಬೇಕು. ಆದರೆ ಲಿಸನ್.ಓನರ್ ಮತ್ತು ಲಿಸನ್.ಗ್ರೂಪ್ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಅಂತಲೇ ಇರಲಿ, ಇಲ್ಲದಿದ್ದರೆ ಎಂಜಿನ್‌ಎಕ್ಸ್‌ಗೆ ಬಾಗಿಲು ತೆಗೆಯುವುದಿಲ್ಲ, 502 ಬರುತ್ತದೆ. ಇನ್ನು, ಮೇಲೆ ಲೆಕ್ಕ ಹಾಕಿದ 10 ಇಡೀ ಸರ್ವರ್‌ನದು, ಒಂದೊಂದು ಪೂಲ್‌ನದಲ್ಲ. ಎರಡಕ್ಕೂ ಹತ್ತು ಹತ್ತು ಕೊಟ್ಟರೆ ಮತ್ತೆ ಅದೇ ಶನಿವಾರ.

ಬದಲಿಸಿ, ಪರೀಕ್ಷಿಸಿ, ರೀಲೋಡ್

ಸೇವ್ ಮಾಡಿದ ಮೇಲೆ ಸುಡೋ ಪಿಎಚ್‌ಪಿ-ಎಫ್‌ಪಿಎಂ8.3 -ಟಿ. "ಟೆಸ್ಟ್ ಈಸ್ ಸಕ್ಸೆಸ್‌ಫುಲ್" ಅಂತ ಬಂದರೆ ಮಾತ್ರ ಮುಂದೆ. ಆಮೇಲೆ ಸುಡೋ ಸಿಸ್ಟಮ್‌ಸಿಟಿಎಲ್ ರೀಲೋಡ್ ಪಿಎಚ್‌ಪಿ8.3-ಎಫ್‌ಪಿಎಂ.

ರೀಲೋಡ್ ಮಾಡಿದರೂ ಅರ್ಧದಲ್ಲಿರುವ ರಿಕ್ವೆಸ್ಟ್ ಕಡಿದು ಹೋಗಬಹುದು. ಪೂಲ್.ಡಿ ಫೋಲ್ಡರ್‌ನ ಹೊರಗೆ ಪಿಎಚ್‌ಪಿ-ಎಫ್‌ಪಿಎಂ.ಕಾನ್ಫ್ ಇದೆ. ಅದರ ಗ್ಲೋಬಲ್ ಭಾಗದಲ್ಲಿ ಪ್ರೋಸೆಸ್_ಕಂಟ್ರೋಲ್_ಟೈಮ್‌ಔಟ್ = 10ಎಸ್ ಹಾಕಿ. ಕೈಯಲ್ಲಿದ್ದ ಕೆಲಸ ಮುಗಿಸಲು ಚೈಲ್ಡ್‌ಗೆ ಹತ್ತು ಸೆಕೆಂಡ್ ಸಿಗುತ್ತದೆ. ಯಾರೋ ಅಡ್ವಾನ್ಸ್ ಕಟ್ಟುತ್ತಿರುವಾಗ ನೀವು ರೀಲೋಡ್ ಮಾಡಿದಿರಿ ಅಂತಾದರೆ ಈ ಹತ್ತು ಸೆಕೆಂಡಿನ ಬೆಲೆ ಗೊತ್ತಾಗುತ್ತದೆ.

ಸ್ಟೇಟಸ್ ಪುಟ

ಪೂಲ್ ಫೈಲ್‌ನಲ್ಲಿ ಪಿಎಂ.ಸ್ಟೇಟಸ್_ಪಾತ್ = /ಎಫ್‌ಪಿಎಂ-ಸ್ಟೇಟಸ್ ಅಂತ ಹಾಕಿ. ಎಂಜಿನ್‌ಎಕ್ಸ್‌ನ ಡೀಫಾಲ್ಟ್ ಸರ್ವರ್ ಬ್ಲಾಕ್‌ನಲ್ಲಿ ಅದೇ ಹೆಸರಿನ ಲೊಕೇಶನ್ ಬರೆಯಿರಿ. ಒಳಗೆ ಅಲೌ 127.0.0.1, ಡಿನೈ ಆಲ್, ಇನ್‌ಕ್ಲೂಡ್ ಫಾಸ್ಟ್‌ಸಿಜಿಐ.ಕಾನ್ಫ್, ಮತ್ತೆ ನಿಮ್ಮ ಸಾಕೆಟ್‌ಗೆ ಫಾಸ್ಟ್‌ಸಿಜಿಐ_ಪಾಸ್. ಡಿನೈ ಆಲ್ ಮರೆಯಬೇಡಿ, ಆ ಪುಟ ಊರಿಗೆಲ್ಲ ಕಾಣಬೇಕಾದ್ದಲ್ಲ. ಎರಡನ್ನೂ ರೀಲೋಡ್ ಮಾಡಿ ಸರ್ವರ್ ಒಳಗಿನಿಂದಲೇ ಕರ್ಲ್ 127.0.0.1/ಎಫ್‌ಪಿಎಂ-ಸ್ಟೇಟಸ್ ಹೊಡೆಯಿರಿ.

ಬರುವುದರಲ್ಲಿ ಎರಡು ಸಾಲು ಮುಖ್ಯ. "ಮ್ಯಾಕ್ಸ್ ಆಕ್ಟಿವ್ ಪ್ರೋಸೆಸಸ್" ಅಂದರೆ ಎಫ್‌ಪಿಎಂ ಶುರುವಾದಾಗಿನಿಂದ ಒಟ್ಟಿಗೆ ಅತಿ ಹೆಚ್ಚು ಎಷ್ಟು ಆಳು ಕೆಲಸದಲ್ಲಿದ್ದರು. "ಮ್ಯಾಕ್ಸ್ ಚಿಲ್ಡ್ರನ್ ರೀಚ್ಡ್" ಅಂದರೆ ಎಷ್ಟು ಸಲ ಮಿತಿ ಮುಟ್ಟಿತು. ರೀಸ್ಟಾರ್ಟ್ ಮಾಡಿದರೆ ಇವೆಲ್ಲ ಸೊನ್ನೆಗೆ ಹೋಗುತ್ತವೆ, ಹಾಗಾಗಿ ಮೊದಲು ಬರೆದುಕೊಳ್ಳಿ, ಆಮೇಲೆ ರೀಸ್ಟಾರ್ಟ್ ಮಾಡಿ.

ನಾನು 10 ಇಟ್ಟ ಮೇಲೂ ಭಾನುವಾರ ಮಿತಿ ಮುಟ್ಟಿತು. ರ‍್ಯಾಮ್ ಜಾಸ್ತಿ ಇರುವ ಸರ್ವರ್ ತೆಗೆದುಕೊಳ್ಳೋಣ ಅಂತ ಮಾಲೀಕರಿಗೆ ಹೇಳುವುದರಲ್ಲಿದ್ದೆ.

ಆಳು ಕಮ್ಮಿಯೋ, ಕೆಲಸ ನಿಧಾನವೋ

ಒಂದು ಪುಟಕ್ಕೆ 0.2 ಸೆಕೆಂಡ್ ಬೇಕು ಅಂದರೆ 10 ಆಳು ಸೆಕೆಂಡಿಗೆ 50 ಪುಟ ಕೊಡುತ್ತಾರೆ. ಮೂಡಿಗೆರೆ ಹೋಂಸ್ಟೇಗೆ ಅದು ಬೇಕಾದಷ್ಟಾಯಿತು. ಅದೇ ಪುಟ 4 ಸೆಕೆಂಡ್ ತಿಂದರೆ ಅದೇ 10 ಆಳು ಕೊಡುವುದು ಎರಡೂವರೆ ಪುಟ. ಆಳು ದುಪ್ಪಟ್ಟು ಮಾಡಿದರೂ 5. ಮ್ಯಾಕ್ಸ್ ಚಿಲ್ಡ್ರನ್ ಜಾಸ್ತಿ ಮಾಡಿ ಇದನ್ನು ಗೆಲ್ಲಲು ಆಗುವುದಿಲ್ಲ. ಲಾಗ್‌ನ ಆ ಸಾಲು ಆಳು ಸಾಲುತ್ತಿಲ್ಲ ಅಂತ ಹೇಳುತ್ತದೆ, ಯಾಕೆ ಸಾಲುತ್ತಿಲ್ಲ ಅಂತ ಹೇಳುವುದಿಲ್ಲ.

ಯಾಕೆ ಅನ್ನುವುದಕ್ಕೆ ಸ್ಲೋಲಾಗ್ ಇದೆ. ಪೂಲ್ ಫೈಲ್‌ನಲ್ಲಿ ಎರಡೇ ಸಾಲು:

ಸ್ಲೋಲಾಗ್ = /ವಾರ್/ಲಾಗ್/ಎಫ್‌ಪಿಎಂ-ಸ್ಲೋ.ಲಾಗ್
ರಿಕ್ವೆಸ್ಟ್_ಸ್ಲೋಲಾಗ್_ಟೈಮ್‌ಔಟ್ = 3ಎಸ್

3 ಸೆಕೆಂಡ್ ದಾಟಿದ ಪ್ರತಿ ರಿಕ್ವೆಸ್ಟನ್ನೂ ಒಂದು ಕ್ಷಣ ತಡೆದು, ಆ ಕ್ಷಣ ಅದು ಯಾವ ಫೈಲ್‌ನ ಎಷ್ಟನೇ ಸಾಲಿನಲ್ಲಿದೆ ಅಂತ ಎಫ್‌ಪಿಎಂ ಬರೆದಿಡುತ್ತದೆ. ಎಫ್‌ಪಿಎಂನಲ್ಲಿ ನನಗೆ ಅತಿ ಇಷ್ಟದ ಸೌಲಭ್ಯ ಇದು. ತುಂಬಾ ಜನ ಇದನ್ನು ಆನ್ ಮಾಡುವುದೇ ಇಲ್ಲ.

ಅರ್ಧ ಗಂಟೆ ಬಿಟ್ಟು ಫೈಲ್ ತೆಗೆದೆ. ಸುಮಾರು ನಲವತ್ತು ನಮೂದು. ಪ್ರತಿಯೊಂದರ ತುದಿಯಲ್ಲೂ ಒಂದೇ ಮಾತು: ಕರ್ಲ್_ಎಕ್ಸೆಕ್, ವೆದರ್.ಪಿಎಚ್‌ಪಿ, 41ನೇ ಸಾಲು. ನೋಡಿದರೆ ಮುಖಪುಟದ ಮೂಲೆಯಲ್ಲಿ "ಇವತ್ತು ನಮ್ಮಲ್ಲಿ 19 ಡಿಗ್ರಿ, ಮೋಡ" ಅಂತ ತೋರಿಸುವ ಒಂದು ಪೆಟ್ಟಿಗೆ. ಒಬ್ಬೊಬ್ಬರು ಪುಟ ತೆಗೆದಾಗಲೂ ಅದು ಹೊರಗಿನ ಹವಾಮಾನ ಸೇವೆಯನ್ನು ಕೇಳುತ್ತಿತ್ತು. ಉತ್ತರ ಬರುವವರೆಗೆ ಆ ಆಳು ಬುಟ್ಟಿ ಹಿಡಿದು ನಿಂತಿರುತ್ತಿದ್ದ. ಮೋಡ ಇದೆಯೋ ಇಲ್ಲವೋ ಅಂತ ತಿಳಿಯಲು ಹತ್ತಕ್ಕೆ ಹತ್ತು ಜನ! ಆ ಪೆಟ್ಟಿಗೆ ಬರೆದವನು ನಾನೇ, ಟೈಮ್‌ಔಟ್ ಹಾಕದೆ.

ಕರ್ಲ್‌ಗೆ 2 ಸೆಕೆಂಡ್ ಟೈಮ್‌ಔಟ್ ಹಾಕಿದೆ. ಬಂದ ಉತ್ತರವನ್ನು ಒಂದು ಫೈಲ್‌ನಲ್ಲಿ 30 ನಿಮಿಷ ಇಟ್ಟುಕೊಳ್ಳುವ ಹಾಗೆ ಮಾಡಿದೆ. ಮಲೆನಾಡಿನಲ್ಲಿ ಅರ್ಧ ಗಂಟೆಯಲ್ಲಿ ಹವಾಮಾನ ಬದಲಾಗುತ್ತದೆ ನಿಜ, ಆದರೆ ಹೋಂಸ್ಟೇ ಸೈಟ್‌ಗೆ ಅಷ್ಟು ಸಾಕು. ಮುಂದಿನ ವಾರಾಂತ್ಯ ಸ್ಟೇಟಸ್ ಪುಟದಲ್ಲಿ ಮ್ಯಾಕ್ಸ್ ಆಕ್ಟಿವ್ 4. ಮೊದಲಿದ್ದ 5 ಆಳೇ ಸಾಕಾಗುತ್ತಿತ್ತು ಅಂತಾಯಿತು.

ನಿಮ್ಮಲ್ಲಿ ಕರ್ಲ್ ಬದಲು ಡೇಟಾಬೇಸ್ ಕ್ವೆರಿಯ ಸಾಲು ಕಾಣಬಹುದು. ಆಗ ಇಂಡೆಕ್ಸ್ ಇದೆಯಾ ನೋಡಿ. ಮೇಲ್ ಕಳಿಸುವ ಸಾಲು ಕಂಡರೆ ಅದನ್ನು ಪುಟದಿಂದ ಹೊರಗೆ ತೆಗೆದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ.

ಇನ್ನೆರಡು ಕಾವಲು

ಪಿಎಚ್‌ಪಿಯ ಮ್ಯಾಕ್ಸ್_ಎಕ್ಸಿಕ್ಯೂಷನ್_ಟೈಮ್ 30 ಸೆಕೆಂಡ್ ಇದೆಯಲ್ಲ, ಅದು ಕಾಪಾಡಲಿಲ್ಲವಾ ಅಂತ ಕೇಳಬಹುದು. ಲಿನಕ್ಸ್‌ನಲ್ಲಿ ಅದು ಸ್ಕ್ರಿಪ್ಟ್ ತಾನೇ ಓಡಿದ ಸಮಯವನ್ನಷ್ಟೇ ಎಣಿಸುತ್ತದೆ. ನೆಟ್‌ವರ್ಕ್‌ಗೋ ಡೇಟಾಬೇಸ್‌ಗೋ ಕಾದ ಸಮಯ ಲೆಕ್ಕಕ್ಕಿಲ್ಲ. ಎಂಜಿನ್‌ಎಕ್ಸ್ 504 ಕೊಟ್ಟು ಗಿರಾಕಿಯನ್ನು ಕಳಿಸಿದ ಮೇಲೂ ಆ ಚೈಲ್ಡ್ ಕಾಯುತ್ತಲೇ ಇರಬಹುದು. ಅದಕ್ಕೆ ಪೂಲ್ ಫೈಲ್‌ನಲ್ಲಿ ರಿಕ್ವೆಸ್ಟ್_ಟರ್ಮಿನೇಟ್_ಟೈಮ್‌ಔಟ್ = 50ಎಸ್ ಹಾಕಿ. ಇದು ಗಡಿಯಾರದ ಸಮಯ, 50 ಸೆಕೆಂಡ್ ಆದರೆ ಮುಲಾಜಿಲ್ಲದೆ ಮುಗಿಸುತ್ತದೆ. ಹಾಗೆ ಮುಗಿಸಿದಾಗ ಗಿರಾಕಿಗೆ 502 ಕಾಣುತ್ತದೆ, ಗಾಬರಿ ಬೇಡ. ದೊಡ್ಡ ಎಕ್ಸೆಲ್ ಫೈಲ್ ಅಪ್‌ಲೋಡ್ ಮಾಡಿ ಓದುವಂಥ ಕೆಲಸ ಇದ್ದರೆ ಅದಕ್ಕೆ ಬೇರೆ ಪೂಲ್ ಕೊಟ್ಟು ಅಲ್ಲಿ ಜಾಸ್ತಿ ಸಮಯ ಇಡಿ.

ಇನ್ನೊಂದು ಪಿಎಂ.ಮ್ಯಾಕ್ಸ್_ರಿಕ್ವೆಸ್ಟ್ಸ್. 500 ಅಂತ ಇಟ್ಟರೆ ಒಂದು ಚೈಲ್ಡ್ 500 ರಿಕ್ವೆಸ್ಟ್ ಮುಗಿಸಿ ಹೋಗುತ್ತದೆ, ಹೊಸದು ಬರುತ್ತದೆ. ಯಾವುದೋ ಪ್ಲಗಿನ್ ಮೆಮೊರಿ ಸೋರಿಸುತ್ತಿದ್ದರೆ ಇದು ತಡೆ ಹಾಕುತ್ತದೆ. ತೇಪೆ ಅಷ್ಟೆ, ಆದರೆ ವರ್ಡ್‌ಪ್ರೆಸ್‌ಗೆ ಹತ್ತಾರು ಪ್ಲಗಿನ್ ಹಾಕಿಕೊಂಡವರಿಗೆ ತೇಪೆಯೂ ಬೇಕು.

ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಹನ್ನೊಂದರ ಮೇಲೆ, ಜನ ಇಲ್ಲದಾಗ, ಒಟ್ಟಿಗೆ 10ರಂತೆ 200 ರಿಕ್ವೆಸ್ಟ್ ಕಳಿಸುವ ಎಬಿ -ಎನ್ 200 -ಸಿ 10 ಕೊಟ್ಟು ನಿಮ್ಮದೇ ಭಾರದ ಪುಟಕ್ಕೆ ಹೊಡೆದು ನೋಡಿ. ಇಲ್ಲಿ ಸಿ ಸಣ್ಣಕ್ಷರ. ಇನ್ನೊಂದು ಕಿಟಕಿಯಲ್ಲಿ ಫ್ರೀ -ಎಂ ನೋಡುತ್ತಿರಿ. ಹತ್ತೂ ಆಳು ಒಟ್ಟಿಗೆ ದುಡಿಯುವಾಗ ಅವೈಲಬಲ್ ಕಾಲಂ 200ಕ್ಕಿಂತ ಕೆಳಗೆ ಇಳಿದರೆ ಮ್ಯಾಕ್ಸ್ ಚಿಲ್ಡ್ರನ್ ಒಂದೆರಡು ಇಳಿಸಿ.

ಕೊನೆಗೆ ಪೂಲ್ ಫೈಲ್‌ನಲ್ಲೇ, ಮ್ಯಾಕ್ಸ್ ಚಿಲ್ಡ್ರನ್ ಸಾಲಿನ ಮೇಲೆ, ಈ ನಂಬರ್ ಎಲ್ಲಿಂದ ಬಂತು ಅಂತ ಬರೆದಿಡಿ. ಆರು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ. ಕಾಮೆಂಟ್ ಕನ್ನಡದಲ್ಲಿದ್ದರೂ ಎಫ್‌ಪಿಎಂಗೆ ತಕರಾರಿಲ್ಲ. ನನ್ನ ಫೈಲ್‌ನಲ್ಲಿ ಈಗ ಹೀಗಿದೆ:

; ಒಟ್ಟು 1960, ಡಿಬಿ 450, ಸಿಸ್ಟಂ 260, ಬಿಟ್ಟಿದ್ದು 300. ಒಂದು ಚೈಲ್ಡ್ 84.
; 50 ಇಟ್ಟು ಡಿಬಿ ಸತ್ತಿತ್ತು. ಏರಿಸುವ ಮೊದಲು ಸ್ಲೋಲಾಗ್ ನೋಡು.
ಪಿಎಂ.ಮ್ಯಾಕ್ಸ್_ಚಿಲ್ಡ್ರನ್ = 10